ಬೂದಿಯನ್ನಷ್ಟೇ ನಂಬಿದವರು

ಅವರು ತೀರಿಕೊಂಡರೆಂಬ ಸುದ್ದಿಯನ್ನು ನಾನು ಮೊದಲು ನಂಬಲಿಲ್ಲ. ಗಾಂಧಿಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಹಳೆಯ ಪರಿಚಯದವರೊಬ್ಬರು ಹೇಳಿದರು. "ಯಾರು ಹೇಳಿದ್ರು ನಿಮಗೆ? ನೀವೇ ಹೋಗಿ ನೋಡಿದ್ರಾ?" ಎಂದು ಕೇಳಿಬಿಟ್ಟೆ. ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಾವಿನ ಸುದ್ದಿಗೆ ಸಾಕ್ಷಿ ಕೇಳುವವನನ್ನು ಅವರು ಅದುವರೆಗೆ ಕಂಡಿರಲಾರರು. ಮನೆಗೆ ಬರುವ ದಾರಿಯಲ್ಲಿ ಇನ್ನಿಬ್ಬರನ್ನು ವಿಚಾರಿಸಿ, ಮೂವರ ಮಾತೂ ಒಂದೇ ಆದ ಮೇಲೆ ನಂಬಿದೆ. ಆಮೇಲೆ ಒಂದು ಅರಳಿಕಟ್ಟೆಯ ಮೇಲೆ ಕೂತು ಅತ್ತೆ. "ಮೂರು ಸಲ ಮಾಡಿ ನೋಡು. ಮೂರೂ ಸಲ ಒಂದೇ ಉತ್ತರ ಬಂದ್ರೆ ನಂಬು. ಅಲ್ಲೀವರೆಗೂ ಅದು ಬರೀ ಬಾಯಿಮಾತು ಕಣಯ್ಯ" ಎಂದು ನನಗೆ ಹೇಳಿಕೊಟ್ಟವರು ಅವರೇ.

ಅವರ ಹೆಸರು ಬರೆಯುವುದಿಲ್ಲ. ಮಕ್ಕಳು ಇದೇ ಊರಿನಲ್ಲಿದ್ದಾರೆ ಎಂಬುದು ಒಂದು ಕಾರಣ. ಇನ್ನೊಂದು, ತಮ್ಮ ಹೆಸರು ಅಚ್ಚಾದದ್ದನ್ನು ಎಲ್ಲಿಂದಲಾದರೂ ನೋಡಿದರೆ ಅವರು ಸಂತೋಷಪಡುವವರಲ್ಲ. "ಯಾತಕ್ಕೆ ಬರೆದ ಇವನು? ಇವನಿಗೇನು ಆಗಬೇಕಾಗಿದೆ?" ಎಂದು ಮೊದಲು ನನ್ನನ್ನೇ ಸಂಶಯಿಸುತ್ತಾರೆ. ಬೀದಿಯ ಜನ ಅವರನ್ನು ಬೂದಿ ಮೇಷ್ಟ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾನು ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದೆ. ಮೇಷ್ಟ್ರು ಹೈಸ್ಕೂಲಿನ ಕೆಲಸ ಬಿಟ್ಟು ಚಾಮರಾಜಪೇಟೆಯ ಒಂದು ಬಾಡಿಗೆ ಹೆಂಚಿನ ಮನೆಯಲ್ಲಿ ಸ್ವಂತ ಪರೀಕ್ಷಾಲಯ ನಡೆಸುತ್ತಿದ್ದರು. ಎರಡು ಕೋಣೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ, ಹಿತ್ತಲ ಕಡೆ ಇದ್ದಿಲ ಕುಲುಮೆ, ಇಷ್ಟೇ ಅದರ ಆಸ್ತಿ. ರೇಷನ್ನಿನ ಕಾಲ. ಅಕ್ಕಿಯಲ್ಲಿ ಕಲ್ಲು, ಕಾಫಿಪುಡಿಯಲ್ಲಿ ಹುರಿದ ಹುಣಸೆಬೀಜ, ಎಣ್ಣೆಯಲ್ಲಿ ಏನೇನೋ. ಹಾಸ್ಟೆಲುಗಳವರು, ಹೋಟೆಲಿನವರು, ಔಷಧದ ಅಂಗಡಿಯವರು ತಮ್ಮ ಸರಕನ್ನು ಪರೀಕ್ಷೆಗೆ ತರುತ್ತಿದ್ದರು. ನಾನು ಅಲ್ಲಿ ಸಹಾಯಕನಾಗಿ ಸೇರಿದೆ. ಸೇರಿದ ಮೊದಲ ತಿಂಗಳು ಅವರು ನನ್ನನ್ನು ತಕ್ಕಡಿ ಮುಟ್ಟಲು ಬಿಡಲಿಲ್ಲ. ಆಮೇಲೆ ಬಿಟ್ಟರೂ, ನಾನು ತೂಗಿದ್ದನ್ನು ನಾನು ಹೊರಗೆ ಹೋದ ಮೇಲೆ ಮತ್ತೆ ತೂಗುತ್ತಿದ್ದರೆಂದು ನನಗೆ ಎರಡನೇ ವರ್ಷ ಗೊತ್ತಾಯಿತು.

ನೋಡಲು ಬಡಕಲು ಆಳು. ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಪೇಟ, ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ. ಯಾವುದನ್ನೇ ಕೊಟ್ಟರೂ ಮೊದಲು ಮೂಗಿಗೆ ಹಿಡಿಯುವರು, ಆಮೇಲೆ ಬೆಳಕಿಗೆ. ನಾನು ಅರ್ಜಿ ಬರೆದು ಕೊಟ್ಟ ಕಾಗದವನ್ನೂ ಮೂಸಿದ್ದರು. ಅವರ ಮನೆಯಾಕೆ ಒಮ್ಮೆ ನನ್ನೆದುರೇ ನಕ್ಕು ಹೇಳಿದ್ದರು: "ಮದುವೆಯಾದ ಹೊಸದರಲ್ಲಿ ನಾನು ಬಡಿಸಿದ ಸಾರನ್ನೂ ಮೂಸ್ತಿದ್ರು ಕಣಪ್ಪಾ. ನಮ್ಮಪ್ಪ ನೋಡಿ ಗಾಬರಿಯಾಗಿಬಿಟ್ಟಿದ್ರು."

ಮದುವೆ ಮುಂಜಿಗಳಿಗೆ ಕರೆದರೆ ಹೋಗುವರು, ಕೂರುವರು, ಊಟಕ್ಕೆ ಎಲೆಯ ಮುಂದೆ ಕೂತು ಬಾಳೆಹಣ್ಣು ಮಾತ್ರ ತಿಂದು ಏಳುವರು. ಮನೆಯವರು ಬೇಜಾರು ಮಾಡಿಕೊಂಡರೆ, "ಸಿಪ್ಪೆ ಇರೋದನ್ನ ನಂಬಬಹುದು. ಅದು ದೇವರು ಹಾಕಿರೋ ಸೀಲು" ಎನ್ನುವರು. ಬಾಳೆಹಣ್ಣು, ತೆಂಗಿನಕಾಯಿ, ಕಡಲೇಕಾಯಿ ಈ ಮೂರಕ್ಕೆ ಅವರಲ್ಲಿ ಮರ್ಯಾದೆ ಹೆಚ್ಚು. ಸಿಪ್ಪೆ ಬಿಡಿಸಿ ಮಾರುವ ಕಡಲೆಬೀಜವನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಬಸವನಗುಡಿಯ ಕಡಲೇಕಾಯಿ ಪರಿಷೆಯಲ್ಲಿ ಏಳೆಂಟು ರಾಶಿಗಳಿಂದ ಒಂದೊಂದು ಸೇರು ತಂದು, ಒಂದೊಂದಕ್ಕೂ ಚೀಟಿ ಕಟ್ಟಿ, ವಾರಗಟ್ಟಲೆ ಸುಡುತ್ತಾ ಕೂರುವರು. ಒಂದೊಂದು ಹೊಲದ ಮಣ್ಣಿಗೆ ಒಂದೊಂದು ಬೂದಿ ಎಂಬುದು ಅವರ ಸಿದ್ಧಾಂತ.

ಸುಡುವುದೇ ಅವರ ವಿದ್ಯೆ. ಬೀಜವನ್ನು ಜಜ್ಜಿ, ತೂಗಿ, ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ಕಾಯಿಸಿದರೆ ಮೊದಲು ಹೊಗೆ, ಆಮೇಲೆ ಮಸಿ, ಕೊನೆಗೆ ಬೆಳ್ಳಗೆ ಒಂದು ಚಿಟಿಕೆ ಬೂದಿ ಉಳಿಯುತ್ತದೆ. ಬೀಜದಲ್ಲಿದ್ದ ಸುಣ್ಣ, ರಂಜಕ, ಪೊಟ್ಯಾಷ್, ಕಬ್ಬಿಣ, ಸುಳಿವಿನಷ್ಟು ತಾಮ್ರ, ಎಲ್ಲ ಅದರಲ್ಲೇ. ಅದನ್ನು ಆಸಿಡ್ಡಿನಲ್ಲಿ ಕರಗಿಸಿ ಒಂದೊಂದನ್ನೇ ಹುಡುಕಿ ತೆಗೆಯುವುದು ಕೆಲಸ. ಅದೇ ಬೀಜದ ಎಣ್ಣೆಯನ್ನು ಸುಟ್ಟರೆ ಬಟ್ಟಲು ಖಾಲಿ. ಇದನ್ನು ಮೊದಲ ಸಲ ನೋಡಿ ನಾನು ಏನೋ ತಪ್ಪು ಮಾಡಿದೆನೆಂದು ಹೆದರಿದ್ದೆ. "ಸರಿಯಾಗೇ ಇದೆ" ಎಂದರು. "ಕಾಳು ಮಣ್ಣನ್ನ ಹೊಟ್ಟೇಲಿಟ್ಟುಕೊಂಡಿರುತ್ತೆ. ಎಣ್ಣೆ ಅದನ್ನೆಲ್ಲ ಹಿಂಡಿಯಲ್ಲೇ ಬಿಟ್ಟು ಹೊರಗೆ ಬರುತ್ತೆ. ನಾವು ಎಣ್ಣೆ ತಿಂದು ಜಂಬ ಪಡ್ತೀವಿ, ಸುಣ್ಣ ಕಬ್ಬಿಣ ಎಲ್ಲ ಹಿಂಡಿ ತಿನ್ನೋ ಎತ್ತಿಗೆ ಹೋಗುತ್ತೆ."

ಮಲ್ಲೇಶ್ವರದ ಕಡೆಯಿಂದ ಒಬ್ಬ ಔಷಧದ ವ್ಯಾಪಾರಿ ಬಾದಾಮಿ ಎಣ್ಣೆಯ ಬಾಟಲಿ ತಂದಿದ್ದ. ಕಬ್ಬಿಣವಿದೆ, ಸುಣ್ಣವಿದೆ, ರಂಜಕವಿದೆ, ಮಕ್ಕಳ ಮೂಳೆಗೆ ಒಳ್ಳೆಯದೆಂದು ಲೇಬಲ್ಲಿನಲ್ಲಿ ಉದ್ದಕ್ಕೆ ಅಚ್ಚು ಹಾಕಿಸಿದ್ದ. ಇವರು ಸುಟ್ಟರು. ಬಟ್ಟಲಲ್ಲಿ ಏನೂ ಇಲ್ಲ. ಆಮೇಲೆ ಬಾಟಲಿಯ ಲೇಬಲ್ಲನ್ನು ಬಿಡಿಸಿ ಅದನ್ನೂ ಸುಟ್ಟರು. ಸ್ವಲ್ಪ ಬೂದಿ ಬಂತು. "ನೋಡಪ್ಪಾ, ನೀನು ಹೇಳಿದ ಸುಣ್ಣ ಕಬ್ಬಿಣ ಎಲ್ಲ ಈ ಕಾಗದದಲ್ಲಿದೆ. ಮಕ್ಕಳಿಗೆ ಇದನ್ನೇ ಅರೆದು ಕುಡಿಸು" ಎಂದು ಅವನ ಕೈಗೆ ಕೊಟ್ಟರು. ಆತ ಬಾಯಿಗೆ ಬಂದಂತೆ ಬೈದು ಹೋದ. ಮೇಷ್ಟ್ರು ಆ ದಿನವೆಲ್ಲ ಖುಷಿಯಾಗಿದ್ದರು. ಯಾರಾದರೂ ಸಿಕ್ಕಿಬಿದ್ದ ದಿನ ಅವರ ಮುಖ ಅರಳುತ್ತಿತ್ತು ಎಂದು ಹೇಳಲು ನನಗೆ ಇಷ್ಟವಿಲ್ಲ, ಆದರೆ ಅದು ನಿಜ.

ಎಣ್ಣೆಯ ಮಾದರಿ ತರಲು ಅವರೇ ಹೋಗುತ್ತಿದ್ದರು. ಅಂಗಡಿಯವರ ಬಾಟಲಿಯನ್ನು ನಂಬುತ್ತಿರಲಿಲ್ಲ, ನನ್ನನ್ನು ಕಳಿಸಲು ಮನಸ್ಸಿಲ್ಲ. ತಿರುಪು ಮುಚ್ಚಳದ ಒಂದು ಹಿತ್ತಾಳೆ ಚೊಂಬು ಅವರದು. ಪ್ರಯಾಣದಲ್ಲಿ ಜನ ನೀರು ಒಯ್ಯುತ್ತಾರಲ್ಲ, ಅಂಥದು. ಅದನ್ನು ಮನೆಯಲ್ಲಿ ಕೆಲಸದವಳಿಗೆ ಕೊಡದೆ ತಾವೇ ಹುಣಸೆಹಣ್ಣು ಹಾಕಿ, ಒಳಗೆ ಕೈ ಬಿಟ್ಟು, ತಿಕ್ಕಿ ಬೆಳಗುವರು. ಮಾದರಿ ತಂದ ಕೂಡಲೆ ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿಯುವರು. ಹಿತ್ತಾಳೆ ಪಾತ್ರೆಯ ಒಳಗೆ ತವರದ ಕಲಾಯಿ ಇರಬೇಕು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಯೋ ಮಜ್ಜಿಗೆಯೋ ಎಣ್ಣೆಯೋ ನಿಂತರೆ ಹಿತ್ತಾಳೆಯೊಳಗಿನ ತಾಮ್ರ ಹಸಿರು ಕಿಲುಬಾಗಿ ಏಳುತ್ತದೆಂದು ಈ ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಬೀದಿಯಲ್ಲಿ ಕಲಾಯಿಯವನು ಕೂಗಿದರೆ, "ಅವನು ತವರದ ಜೊತೆ ಸೀಸ ಬೆರೆಸ್ತಾನೆ, ಸೀಸ ವಿಷ" ಎಂದು ಬಾಗಿಲು ಹಾಕಿಸುವರು. ಯಾವ ಕಲಾಯಿಯವನ ಮೇಲೂ ನಂಬಿಕೆ ಬರದೆ ಆ ಚೊಂಬಿಗೆ ವರ್ಷಗಟ್ಟಲೆ ಕಲಾಯಿಯೇ ಆಗಿರಲಿಲ್ಲ.

ಈಗ ಮಲ್ಲಪ್ಪನವರ ವಿಷಯಕ್ಕೆ ಬರಬೇಕು. ಬರಲು ನನಗೆ ಅಷ್ಟು ಮನಸ್ಸಿಲ್ಲ.

ಮಲ್ಲಪ್ಪನವರದು ಮಾರುಕಟ್ಟೆಯ ದಿಕ್ಕಿಗೆ, ಚಾಮರಾಜಪೇಟೆಯ ಅಂಚಿನಲ್ಲಿ ಒಂದು ಗಾಣ. ಕಲ್ಲಿನ ಗಾಣ, ಮರದ ಕೊರಡು, ಸುತ್ತುವ ಒಂದು ಎತ್ತು. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕಡಿಮೆ. ಗಿರಣಿ ಎಣ್ಣೆ ಅಗ್ಗಕ್ಕೆ ಸಿಗುತ್ತಿದ್ದ ಆ ದಿನಗಳಲ್ಲೂ ಚಾಮರಾಜಪೇಟೆ, ಬಸವನಗುಡಿಯ ಅನೇಕ ಮನೆಗಳಿಗೆ ಅವರ ಕಡಲೇಕಾಯಿ ಎಣ್ಣೆಯೇ ಆಗಬೇಕು. "ಕಲ್ಲು, ಮರ, ಮಣ್ಣು. ಈ ಮೂರು ಬಿಟ್ರೆ ನನ್ನ ಎಣ್ಣೆಗೆ ಏನೂ ಸೋಕಲ್ಲ" ಎಂಬುದು ಅವರು ಹೇಳುತ್ತಿದ್ದ ಒಂದೇ ಮಾತು. ಅವರ ತಂದೆಯೂ ಅದೇ ಮಾತು ಹೇಳಿ ಮಾರುತ್ತಿದ್ದರಂತೆ. ಹಿಂಡಿದ ಎಣ್ಣೆ ಮಣ್ಣಿನ ಗಡಿಗೆಯಲ್ಲೇ ನಿಲ್ಲುವುದು, ಮಣ್ಣಿನ ಕುಡಿಕೆಯಲ್ಲೇ ಅಳೆಯುವುದು. ಬಡ ವಿದ್ಯಾರ್ಥಿಗಳ ಒಂದು ಹಾಸ್ಟೆಲಿಗೂ ಅವರೇ ಎಣ್ಣೆ ಕೊಡುತ್ತಿದ್ದರು. ಗಾಣದವರು ಗಿರಣಿ ಎಣ್ಣೆ ತಂದು ಬೆರೆಸುತ್ತಾರೆಂಬ ಗುಲ್ಲು ಊರಲ್ಲಿ ಎದ್ದಾಗ ಹಾಸ್ಟೆಲಿನವರು ಆ ಎಣ್ಣೆಯನ್ನು ಪರೀಕ್ಷಿಸಲು ಮೇಷ್ಟ್ರಿಗೆ ಒಪ್ಪಿಸಿದರು.

ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಗಾಣಕ್ಕೆ ಹೋಗಿ, ಗಾಣದಿಂದ ಇಳಿಯುತ್ತಿದ್ದ ಎಣ್ಣೆಯನ್ನೇ ಚೊಂಬಿನಲ್ಲಿ ಹಿಡಿದು, ಮುಚ್ಚಳ ತಿರುಪಿ, ಪರೀಕ್ಷಾಲಯ ಆಗಲೇ ಮುಚ್ಚಿದ್ದರಿಂದ ನೇರ ಮನೆಗೆ ಒಯ್ದರು. ಭಾನುವಾರ ರಜೆ, ಸೋಮವಾರ ಹಬ್ಬ. ಮಂಗಳವಾರ ಬೆಳಿಗ್ಗೆ ಪರೀಕ್ಷಾಲಯಕ್ಕೆ ತಂದು ಗಾಜಿಗೆ ಸುರಿದರು. ಸುಟ್ಟರು. ಬಟ್ಟಲಿನ ತಳಕ್ಕೆ ಕಂಡೂ ಕಾಣದ ಒಂದು ಕಲೆ. ಅದನ್ನು ಆಸಿಡ್ಡಿನಲ್ಲಿ ಕರಗಿಸಿ, ತಾಮ್ರ ಹಿಡಿಯುವ ದ್ರಾವಣವನ್ನು ಒಂದು ಹನಿ ಬಿಟ್ಟರು. ಕೆಂಗಂದು ಬಣ್ಣ ನಿಧಾನಕ್ಕೆ ಹರಡಿತು.

"ತಾಮ್ರ" ಎಂದರು ಮೇಷ್ಟ್ರು. ಅವರ ಮುಖ ಅರಳಿತು. "ಕಲ್ಲು, ಮರ, ಮಣ್ಣು ಅಂತಾನಲ್ಲ ಆ ಗಾಣಿಗ, ತಾಮ್ರ ಎಲ್ಲಿಂದ ಬಂತಯ್ಯ? ಗಿರಣಿ ಎಣ್ಣೆ ಹಿತ್ತಾಳೆ ಕೊಳಾಯೀಲಿ ಹರಿದು ಹಿತ್ತಾಳೆ ಕೊಡದಲ್ಲಿ ನಿಂತು ಬರುತ್ತೆ. ಅದರಲ್ಲಿ ತಾಮ್ರ ಇದ್ದೇ ಇರುತ್ತೆ. ಬೆರೆಸ್ತಿದಾನೆ."

"ಗಾಣದಿಂದಲೇ ಹಿಡಿದು ತಂದಿರಲ್ಲಾ ಸಾರ್?" ಎಂದೆ.

"ಗಾಣಕ್ಕೆ ಮೊದಲೇ ಸುರಿದಿರ್ತಾನೆ. ನಿನಗೆ ಇವರ ಆಟ ಗೊತ್ತಿಲ್ಲ."

ಮೂರು ಸಲ ಮಾಡಿದರು. ಮೂರೂ ಸಲ ತಾಮ್ರ. ನಿಯಮದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ. ವರದಿಯನ್ನು ನಾನೇ ದುಂಡಗೆ ನಕಲು ಮಾಡಿದೆ: ಲೋಹ ಸೋಕಿಲ್ಲವೆಂಬ ಮಾತು ಸುಳ್ಳು, ಗಿರಣಿ ಎಣ್ಣೆ ಬೆರೆತಿರುವ ಶಂಕೆಯಿದೆ. ನನಗೂ ಆ ದಿನ ಒಬ್ಬ ಮೋಸಗಾರನನ್ನು ಹಿಡಿದ ಹೆಮ್ಮೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಹಾಸ್ಟೆಲಿನವರು ಮಾರನೆಯ ದಿನದಿಂದ ಮಲ್ಲಪ್ಪನವರ ಎಣ್ಣೆ ನಿಲ್ಲಿಸಿದರು. ಅಲ್ಲಿನ ಅಡಿಗೆಯವನು ಹೂವಿನವಳಿಗೆ ಹೇಳಿದ, ಹೂವಿನವಳು ಮನೆ ಮನೆಗೆ ಹೇಳಿದಳು. ಒಂದು ತಿಂಗಳಲ್ಲಿ ಮಲ್ಲಪ್ಪನವರ ಅಂಗಳಕ್ಕೆ ಎಣ್ಣೆ ಪಾತ್ರೆ ಹಿಡಿದು ಬರುವವರು ಬೆರಳೆಣಿಕೆಗೆ ಇಳಿದರು. ಅವರು ಒಮ್ಮೆ ಪರೀಕ್ಷಾಲಯದ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. "ಸ್ವಾಮಿ, ನನ್ನ ಗಾಣದಲ್ಲಿ ತಾಮ್ರ ಎಲ್ಲಿದೆ, ಬಂದು ತೋರಿಸ್ಬಿಡಿ. ನಾನೇ ಕಿತ್ತು ಹಾಕ್ತೀನಿ" ಎಂದರು. ಮೇಷ್ಟ್ರು ತಕ್ಕಡಿಯಿಂದ ಕಣ್ಣೆತ್ತದೆ, "ಅದು ನಿನಗೇ ಗೊತ್ತು" ಎಂದರು. ಮಲ್ಲಪ್ಪನವರು ಹೊರಟುಹೋದರು. ಕಳ್ಳನಾದವನು ಹಾಗೆ ಕೇಳುತ್ತಾನೆಯೇ ಎಂದು ನನ್ನ ಮನಸ್ಸಿಗೆ ಮೊದಲ ಸಲ ಚುಚ್ಚಿದ್ದು ಅವತ್ತು.

ಆಮೇಲೆ ಒಂದು ದಿನ ಮೇಷ್ಟ್ರ ಕಾಲು ಉಳುಕಿತು. ಬೇರೆ ದಾರಿಯಿಲ್ಲದೆ ಒಂದು ಹೋಟೆಲಿನ ಎಣ್ಣೆ ತರಲು ನನ್ನನ್ನು ಕಳಿಸಿದರು. ಚೊಂಬು ನನ್ನ ಕೈಗೆ ಬಂದದ್ದು ಅದೇ ಮೊದಲು. ಎಣ್ಣೆ ಹಿಡಿಯುವ ಮುನ್ನ ಒಳಗೆ ಒರೆಸೋಣವೆಂದು ಬಟ್ಟೆ ಸುತ್ತಿದ ಬೆರಳು ಹಾಕಿದೆ. ತಿರುಪಿನ ಸುತ್ತಿನಲ್ಲಿ, ಹುಣಸೆಹಣ್ಣು ತಲುಪದ ಕಡೆ, ಬಟ್ಟೆಗೆ ಹಸಿರು ಹತ್ತಿತು. ಕಿಲುಬು. ಚೊಂಬನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆಲ್ಲ ಹಳದಿ ಹಿತ್ತಾಳೆ. ಕಲಾಯಿಯ ಬಿಳುಪು ಹುಡುಕಿದರೂ ಇಲ್ಲ. ಈ ಚೊಂಬಿನಲ್ಲಿ ಒಂದು ಗಂಟೆ ಇದ್ದ ಎಣ್ಣೆಗಳ ಮಾತು ಬೇರೆ. ಮಲ್ಲಪ್ಪನವರ ಎಣ್ಣೆ ಶನಿವಾರದಿಂದ ಮಂಗಳವಾರದವರೆಗೆ ಇದರಲ್ಲೇ ಇತ್ತು. ಲೋಕದ ಪಾತ್ರೆಗಳನ್ನೆಲ್ಲ ಸಂಶಯಿಸಿದವರು ತಮ್ಮ ಕೈಯಲ್ಲಿದ್ದುದನ್ನು ಸಂಶಯಿಸಿರಲಿಲ್ಲ.

ಆ ವಾರದ ಶನಿವಾರ ಚೊಂಬನ್ನು ಪರೀಕ್ಷಾಲಯದಲ್ಲೇ ಉಳಿಸಿಕೊಂಡೆ. ಒಂದು ಮನೆಯಿಂದ ಮಲ್ಲಪ್ಪನವರ ಎಣ್ಣೆ ಕೇಳಿ ತಂದು ಅರ್ಧ ಗಾಜಿಗೆ, ಅರ್ಧ ಚೊಂಬಿಗೆ ಹಾಕಿಟ್ಟೆ. ಮಂಗಳವಾರ ಎರಡನ್ನೂ ಸುಟ್ಟು, ದ್ರಾವಣದ ಹನಿ ಬಿಟ್ಟು, ಎರಡು ಬಟ್ಟಲನ್ನೂ ಅವರ ಮೇಜಿನ ಮೇಲಿಟ್ಟೆ. ಒಂದು ನೀರಿನ ಹಾಗೆ ತಿಳಿ, ಒಂದು ಕೆಂಗಂದು.

"ಇದು ಯಾವ ಗಿರಣೀದು?" ಎಂದರು ಬಣ್ಣದ ಬಟ್ಟಲು ತೋರಿಸಿ.

"ಎರಡೂ ಒಂದೇ ಎಣ್ಣೆ ಸಾರ್. ಮಲ್ಲಪ್ಪನವರದು. ಒಂದು ಗಾಜಿನಲ್ಲಿ ಇಟ್ಟಿದ್ದೆ. ಇನ್ನೊಂದು ನಿಮ್ಮ ಚೊಂಬಿನಲ್ಲಿ."

ಅವರು ಎರಡು ಬಟ್ಟಲನ್ನೂ ಒಂದೊಂದಾಗಿ ಮೂಗಿಗೆ ಹಿಡಿದರು, ಬೆಳಕಿಗೆ ಹಿಡಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು: "ಗಾಣಿಗ ನಿನ್ನ ಹತ್ರ ಬಂದಿದ್ನಾ?"

ಮುಖಕ್ಕೆ ಹೊಡೆದಂತಾಯಿತು. ಮೂರು ವರ್ಷ ಅವರ ಪಕ್ಕದಲ್ಲೇ ನಿಂತು ಬೂದಿ ತೂಗಿದ್ದೆ. "ಇಲ್ಲ ಸಾರ್" ಎಂದೆ. ಅವರು ಎದ್ದು, ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು. ಆ ವಾರವೂ ಮುಂದಿನ ವಾರವೂ ಚೊಂಬು, ಗಾಜು, ಎಣ್ಣೆ, ಬೆಂಕಿ ಎಲ್ಲ ಅವರ ಕೈಯಲ್ಲೇ. ನನಗೆ ಪ್ರವೇಶವಿಲ್ಲ. ಮೂರನೆಯ ಸಲ ಮುಗಿದ ದಿನ ಬಾಗಿಲು ತೆಗೆದು ಹೊರಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು. ಕುಲುಮೆಯ ಹೊಗೆಯೆಂದು ನಾನು ತಿಳಿದುಕೊಳ್ಳಬಹುದಿತ್ತು. ಹಾಗೆ ತಿಳಿಯಲಿಲ್ಲ.

"ಕಾಗದ ತೊಗೋ" ಎಂದರು. "ಬರಿ. ಹಿಂದೆ ಕೊಟ್ಟ ವರದಿ ತಪ್ಪು. ತಾಮ್ರ ಇದ್ದದ್ದು ಪರೀಕ್ಷಕನ ಪಾತ್ರೆಯಲ್ಲಿ. ಪರೀಕ್ಷಕನ ಅಂತ ಬರಿ, ಪರೀಕ್ಷಾಲಯದ ಅಂತಲ್ಲ." ನನ್ನ ಕ್ಷಮೆ ಕೇಳಲಿಲ್ಲ. ಆದರೆ ಅವತ್ತು ನಾನು ತೂಗಿದ್ದನ್ನು ಅವರು ಮತ್ತೆ ತೂಗಲಿಲ್ಲ.

ಹಾಸ್ಟೆಲಿನವರು ಹೊಸ ವರದಿಯನ್ನು ತೆಗೆದುಕೊಂಡು ಫೈಲಿಗೆ ಸೇರಿಸಿದರು. "ಈಗ ಗಿರಣಿಯವರಿಗೆ ಮಾತು ಕೊಟ್ಟಾಗಿದೆ. ಮುಂದೆ ನೋಡೋಣ" ಎಂದರು. ಅಲ್ಲಿಂದ ನಾವು ಗಾಣಕ್ಕೆ ಹೋದೆವು. ಎತ್ತು ಕೊಟ್ಟಿಗೆಯಲ್ಲಿ ಮಲಗಿತ್ತು. ಮಲ್ಲಪ್ಪನವರು ಗಾಣದ ಕಲ್ಲಿನ ಮೇಲೆ ಕೂತಿದ್ದವರು ಎದ್ದು ನಿಂತರು. ಮೇಷ್ಟ್ರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ನಿಂತಲ್ಲೇ ಆ ವರದಿಯನ್ನು ಕೊನೆಯವರೆಗೂ ಓದಿದರು.

"ತಪ್ಪಾಯ್ತು ಯಜಮಾನ್ರೇ" ಎಂದರು.

ಮಲ್ಲಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನೀವು ಒಪ್ಕೊಂಡಿದ್ದು ದೊಡ್ಡದು ಸ್ವಾಮಿ. ಆದ್ರೆ ಇವತ್ತು ಹೇಳಿದ್ದು ಕಾಗದದಲ್ಲಿದೆ. ಅವತ್ತು ಹೇಳಿದ್ದು ಬೀದೀಲಿದೆ" ಎಂದರು.

ಮೇಷ್ಟ್ರು ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಮಾರನೆಯ ದಿನ ಬೆಳಿಗ್ಗೆಯಿಂದ ಬೀದಿಗಿಳಿದರು. ಚಾಮರಾಜಪೇಟೆಯಲ್ಲಿ, ಬಸವನಗುಡಿಯಲ್ಲಿ, ಹಿಂದೆ ಮಲ್ಲಪ್ಪನವರ ಎಣ್ಣೆ ಕೊಳ್ಳುತ್ತಿದ್ದ ಮನೆಗಳನ್ನು ವಿಚಾರಿಸಿ, ಇನ್ನೂ ಪೂರ್ತಿ ವಾಸಿಯಾಗದ ಕಾಲು ಎಳೆದುಕೊಂಡು ಒಂದೊಂದೇ ಬಾಗಿಲು ತಟ್ಟುವರು. ಯಾರ ಮನೆಗೂ ಹೋಗದ ಮನುಷ್ಯ. ಜನ ಕೂರಲು ಹೇಳಿದರೆ ಕೂರರು. "ನಾನು ತಪ್ಪು ಹೇಳಿದ್ದೆ. ಮಲ್ಲಪ್ಪನವರ ಎಣ್ಣೆ ಶುದ್ಧ. ತಾಮ್ರ ಇದ್ದದ್ದು ನನ್ನ ಚೊಂಬಿನಲ್ಲಿ" ಎಂದು ಒಪ್ಪಿಸಿ ಮುಂದಿನ ಮನೆಗೆ ಹೊರಡುವರು. ಹಲವು ಸಲ ನಾನೂ ಜೊತೆಗಿದ್ದೆ.

ಬಸವನಗುಡಿಯ ಒಂದು ಮನೆಯಲ್ಲಿ ಹಿರಿಯ ಹೆಂಗಸೊಬ್ಬರು ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಾ ಅಂದರು: "ಅಲ್ಲಾ ರಾಯರೇ, ಯಾರೂ ಕೇಳದೇ ಇರೋವಾಗ ನೀವೇ ಬಂದು ಇಷ್ಟೊಂದು ಹೇಳ್ತಿದೀರಲ್ಲಾ, ಗಾಣದವರ ಮನೆಯಿಂದ ನಿಮ್ಮನೇಗೆ ಎಷ್ಟು ಗಡಿಗೆ ಬಂತು?" ಮೇಷ್ಟ್ರು ಪೇಟ ಸರಿಮಾಡಿಕೊಂಡು ಮೆಟ್ಟಿಲಿಳಿದರು. ಆಕೆ ಕೆಟ್ಟವರೇನಲ್ಲ. ಅವರ ಜಾಗದಲ್ಲಿ ಮೇಷ್ಟ್ರು ಇದ್ದಿದ್ದರೂ ಅದನ್ನೇ ಕೇಳುತ್ತಿದ್ದರು. ಒಂದು ವಾರದಲ್ಲಿ ಆ ಮಾತು ಮೇಷ್ಟ್ರಿಗಿಂತ ಮುಂದೆ ಓಡಿತು. ಅವರು ಹೋಗುವ ಮುಂಚೆಯೇ ಮನೆಗಳಲ್ಲಿ ಆ ನಗು ಸಿದ್ಧವಾಗಿರುತ್ತಿತ್ತು.

ಆಗಲೇ ಮಲ್ಲಪ್ಪನವರು ಎರಡನೆಯ ಸಲ ಪರೀಕ್ಷಾಲಯಕ್ಕೆ ಬಂದದ್ದು. ಈ ಸಲ ಒಳಗೆ ಬಂದರು. ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಸಣ್ಣ ಮಣ್ಣಿನ ಗಡಿಗೆ.

"ಒಂದು ಮಾತು ಕೇಳ್ಕೋಬೇಕು ಸ್ವಾಮಿ. ಮನೆ ಮನೆಗೆ ಹೋಗೋದನ್ನ ನಿಲ್ಲಿಸ್ಬಿಡಿ."

"ಯಾಕೆ ಯಜಮಾನ್ರೇ? ನಿಮ್ಮ ಹೆಸರು..."

"ಮೊದ್ಲು ನಾನೊಬ್ನೇ ಕಳ್ಳ ಅಂತಿದ್ರು. ಈಗ ಇಬ್ರೂ ಸೇರ್ಕೊಂಡಿದಾರೆ ಅಂತಾರೆ." ಗಡಿಗೆಯನ್ನು ಮೇಜಿನ ಮೇಲಿಟ್ಟರು. "ಎತ್ತು ಮಾರ್ಬಿಟ್ಟೆ. ಇದು ಕೊನೇ ಸಲ ಗಾಣ ಆಡಿ ತೆಗೆದದ್ದು. ನನ್ನ ಕಣ್ಣೆದುರಿಗೆ ಒಂದ್ಸಲ ಸುಟ್ಟು ತೋರಿಸಿ. ನಾನೂ ನೋಡ್ಬೇಕು."

ಮೇಷ್ಟ್ರು ಹೊಸ ಬಟ್ಟಲು ತೆಗೆದು, ಗಡಿಗೆಯಿಂದ ನೇರ ಅದಕ್ಕೇ ಎಣ್ಣೆ ಸುರಿದು, ಕುಲುಮೆಯ ಮುಂದೆ ಕೂತರು. ಮಲ್ಲಪ್ಪನವರು ಸ್ಟೂಲಿನ ತುದಿಯಲ್ಲಿ ಕೂತು ಕಣ್ಣು ಕೀಳದೆ ನೋಡಿದರು. ಹೊಗೆ ಎದ್ದಿತು, ಕಪ್ಪಾಯಿತು, ಕಪ್ಪೂ ಹೋಯಿತು. ಎರಡು ಗಂಟೆಗೂ ಮೇಲಾಗಿರಬೇಕು. ಆರಿದ ಮೇಲೆ ಮೇಷ್ಟ್ರು ಬಟ್ಟಲನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು.

ಮಲ್ಲಪ್ಪನವರು ಬಗ್ಗಿ ನೋಡಿದರು. "ಎಲ್ಲಿ?"

"ಏನೂ ಇಲ್ಲ" ಎಂದರು ಮೇಷ್ಟ್ರು. "ಅದೇ ಯಜಮಾನ್ರೇ. ಏನೂ ಇಲ್ಲ."

ಮಲ್ಲಪ್ಪನವರು ತೋರುಬೆರಳಿನಿಂದ ಬಟ್ಟಲ ತಳವನ್ನು ಸವರಿ, ಬೆರಳನ್ನು ನೋಡಿಕೊಂಡರು. "ತಪ್ಪು ಸಿಕ್ಕಿದ್ರೆ ನಾಲ್ಕು ಜನಕ್ಕೆ ತೋರಿಸ್ಬೋದು. ಏನೂ ಇಲ್ದೇ ಇರೋದನ್ನ ಹಿಡ್ಕೊಂಡು ಹೋಗಿ ಯಾರಿಗೆ ತೋರಿಸ್ಲಿ ಸ್ವಾಮಿ?" ಎಂದರು. ಉತ್ತರಕ್ಕೆ ಕಾಯದೆ ಕೈ ಮುಗಿದು ಇಳಿದು ಹೋದರು.

ಗಡಿಗೆಯಲ್ಲಿ ಮುಕ್ಕಾಲು ಎಣ್ಣೆ ಉಳಿದಿತ್ತು. "ಇದನ್ನ ಏನ್ಮಾಡ್ಲಿ ಸಾರ್?" ಎಂದೆ.

"ತಿನ್ನೋ ಎಣ್ಣೆ. ಮನೆಗೆ ತೊಗೊಂಡು ಹೋಗು."

ಎಲ್ಲವನ್ನೂ ನನ್ನ ಕಣ್ಣಿಂದಲೇ ಕಂಡಿದ್ದ ನಾನು, ಚೊಂಬಿನ ಕಿಲುಬನ್ನು ಮೊದಲು ಕಂಡುಹಿಡಿದ ನಾನು, ಗಡಿಗೆಗೆ ಕೈ ಚಾಚಲಿಲ್ಲ. ಗಾಣದವರ ಗಡಿಗೆ ಹಿಡಿದು ಆ ಬೀದಿಯಲ್ಲಿ ನಡೆದರೆ ಕಂಡವರು ಏನೆಂದುಕೊಂಡಾರು ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಮೇಷ್ಟ್ರು ನನ್ನ ಕೈಯನ್ನೇ ನೋಡಿದರು. ಬೈಯಲಿಲ್ಲ. "ಅನುಮಾನ ಪಡೋದನ್ನ ನಿನಗೆ ಕಲಿಸಿದೋನು ನಾನೇ ಅಲ್ವೇನಯ್ಯ" ಎಂದು ಪೇಟ ಇಟ್ಟುಕೊಂಡು, ಗಡಿಗೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲೆ ಹಾಕಿ, ಗಡಿಗೆಯನ್ನು ತಾವೇ ಎತ್ತಿಕೊಂಡು ಮನೆಗೆಂದು ಬೀದಿಗಿಳಿದರು.

ಹಾಡುಹಗಲು. ಅಂಗಡಿಗಳೆಲ್ಲ ತೆರೆದಿದ್ದವು. ಗಡಿಗೆಯನ್ನು ಮರೆಮಾಡಲಿಲ್ಲ, ಎದೆಯ ಮುಂದೆ ಎಲ್ಲರಿಗೂ ಕಾಣುವಂತೆ ಹಿಡಿದು ಕುಂಟುತ್ತಾ ನಡೆದರು. ದಿನಸಿ ಅಂಗಡಿಯವನು ಪಕ್ಕದವನಿಗೆ ಕಣ್ಣು ಮಿಟುಕಿಸಿದ. ಯಾರೋ ಹಿಂದಿನಿಂದ ಏನೋ ಅಂದು ನಕ್ಕರು. ನಾನು ಬಾಗಿಲಿಗೆ ಬೀಗ ಹಾಕಿ ಹೊರಟವನು ಬೇಕೆಂದೇ ಹೆಜ್ಜೆ ನಿಧಾನ ಮಾಡಿ ಹತ್ತು ಮಾರು ಹಿಂದೆ ಉಳಿದೆ. ನಾವಿಬ್ಬರೂ ಒಂದೇ ಕಡೆಯಿಂದ ಬರುತ್ತಿದ್ದೇವೆಂದು ಯಾರಿಗೂ ಗೊತ್ತಾಗಬಾರದು ಎಂಬುದಷ್ಟೇ ನನ್ನ ಆಸೆ. ಆ ನಾಚಿಕೆ ಇಂದಿಗೂ ನನ್ನಲ್ಲಿ ಇಳಿದಿಲ್ಲ. ರಸ್ತೆಯ ತಿರುವಿನಲ್ಲಿ ಅವರು ಒಂದು ಕ್ಷಣ ನಿಂತರು, ಹಿಂದಿರುಗಿ ನೋಡಲಿಲ್ಲ. ಸ್ವಲ್ಪ ಕಾದು, ಗಡಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಒಬ್ಬರೇ ಹೋದರು.